ಹೊಟ್ಟೆಯ ಲೆಕ್ಕ ಇಡುವ ಆರೈಕೆ ಕೇಂದ್ರ: ಒಂದು ಕುಟುಂಬದ ವಿಮರ್ಶೆ

ಅಂಗವೈಕಲ್ಯವಿರುವ ಹಿರಿಯರಿಗಾಗಿ ವಸತಿಯೊಂದಿಗೆ ಆರೈಕೆ ನೀಡುವ ಕೇಂದ್ರವನ್ನು ಹುಡುಕುವವರು ಕೊಠಡಿ ಹೇಗಿದೆ, ಊಟ ಹೇಗಿದೆ, ಸಿಬ್ಬಂದಿ ಎಷ್ಟು ಮಂದಿ ಇದ್ದಾರೆ ಎಂದು ವಿಚಾರಿಸುತ್ತಾರೆ. ಅಲ್ಲಿರುವವರು ಎರಡಕ್ಕೆ ಸರಿಯಾಗಿ ಹೋಗುತ್ತಿದ್ದಾರೆಯೇ ಎಂಬುದನ್ನು ಯಾರು ಗಮನಿಸುತ್ತಾರೆ, ಹೋಗದಿದ್ದರೆ ಎಷ್ಟನೆಯ ದಿನ ಯಾರು ಏನು ಮಾಡುತ್ತಾರೆ ಎಂದು ಕೇಳುವವರು ಬಹಳ ಕಡಿಮೆ. ನನ್ನ ಅಣ್ಣನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಕೈಕಾಲುಗಳ ಹಿಡಿತ ತಪ್ಪುವ ಸ್ಥಿತಿ) ಇದೆ. ವಯಸ್ಸು ಅರವತ್ತು ದಾಟಿದೆ, ಮಾತು ಬರುವುದಿಲ್ಲ, ಓಡಾಟವೆಲ್ಲ ವೀಲ್‌ಚೇರಿನಲ್ಲಿ, ನುಂಗುವುದೂ ಕಷ್ಟ. ಅವನು ಈಗ ಇರುವ ಕೇಂದ್ರವನ್ನು ಈ ಒಂದು ವಿಷಯದ ಮಟ್ಟಿಗೆ ಮಾತ್ರ ಇಲ್ಲಿ ವಿಮರ್ಶಿಸುತ್ತಿದ್ದೇನೆ, ಏಕೆಂದರೆ ಇಂಥವರ ಆರೈಕೆಯ ಗುಣಮಟ್ಟ ಮೊದಲು ಗೊತ್ತಾಗುವುದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಲಬದ್ಧತೆಯನ್ನು ವಯಸ್ಸಾದವರಿಗೆಲ್ಲ ಇದ್ದದ್ದೇ ಎಂದು ತಳ್ಳಿಹಾಕುವ ರೂಢಿ ಇದೆ. ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಮಲವಿಸರ್ಜನೆ ಆಗುವುದನ್ನು ಸಹಜ ಎಂದೇ ಪರಿಗಣಿಸುತ್ತಾರೆ. ಆದ್ದರಿಂದ ದಿನವೂ ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಗಾಬರಿಯಾಗಬೇಕಾಗಿಲ್ಲ. ಆದರೆ ಓಡಾಟವಿಲ್ಲದ, ಬಾಯಾರಿಕೆಯನ್ನು ಹೇಳಿಕೊಳ್ಳಲಾಗದ, ಹಲವು ಔಷಧಗಳನ್ನು ಒಟ್ಟಿಗೆ ತೆಗೆದುಕೊಳ್ಳುವ, ಶೌಚಾಲಯಕ್ಕೆ ಹೋಗಲು ಇನ್ನೊಬ್ಬರ ಕೈಯನ್ನೇ ಕಾಯಬೇಕಾದ ಹಿರಿಯರಲ್ಲಿ ಕರುಳಿನ ಚಲನೆಯೇ ನಿಧಾನವಾಗಿರುತ್ತದೆ. ಒಳಗೆ ಉಳಿದ ಮಲದಿಂದ ನೀರು ಹೀರಲ್ಪಟ್ಟು ಅದು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಹೊರಬರುವಾಗ ನೋವಾಗುತ್ತದೆ, ನೋವಿನ ಭಯಕ್ಕೆ ಅವರು ತಡೆದುಕೊಳ್ಳುತ್ತಾರೆ, ತಡೆದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಈ ಸುತ್ತು ಮುಂದುವರಿದರೆ ಮೂತ್ರ ಕಟ್ಟಿಕೊಳ್ಳುವುದು, ವಾಂತಿ, ದಿಢೀರನೆ ಕವಿಯುವ ಗೊಂದಲ, ಕೊನೆಗೆ ಕರುಳಿನ ಅಡಚಣೆಯವರೆಗೂ ಹೋಗಬಹುದು. ಜೀವಕ್ಕೇ ಅಪಾಯವಾಗುವುದೂ ಉಂಟು.

ಅಣ್ಣ ಈ ಮೊದಲು ಇದ್ದ ಇನ್ನೊಂದು ಕೇಂದ್ರದಲ್ಲಿ ನಡೆದದ್ದನ್ನು ಹೇಳಿದರೆ ಹೋಲಿಕೆ ಸ್ಪಷ್ಟವಾಗುತ್ತದೆ. ಅಲ್ಲಿ ಅವನಿಗೆ ಆಗಾಗ್ಗೆ ನೀರಿನಂತೆ ಸ್ವಲ್ಪ ಸ್ವಲ್ಪ ಮಲ ಸೋರುತ್ತಿತ್ತು. ಅದನ್ನು ಭೇದಿ ಎಂದು ತಿಳಿದು, ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಕೊಟ್ಟರು. ವಾಸ್ತವದಲ್ಲಿ ಗುದನಾಳದಲ್ಲಿ ಗಟ್ಟಿ ಮಲದ ದೊಡ್ಡ ಗಡ್ಡೆ ಸಿಕ್ಕಿಕೊಂಡಿತ್ತು. ಅದರ ಮೇಲ್ಭಾಗದಲ್ಲಿದ್ದ ತೆಳುವಾದ ಮಲ ಗಡ್ಡೆಯ ಪಕ್ಕದಿಂದ ಜಾರಿ ಬರುತ್ತಿತ್ತು. ಕಟ್ಟಿಕೊಂಡಿರುವ ಕರುಳನ್ನು ಆ ಮಾತ್ರೆ ಮತ್ತಷ್ಟು ಕಟ್ಟಿತು. ಅವನು ಊಟದ ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದ, ತನ್ನ ಮುಂಗೈಯನ್ನು ತಾನೇ ಕಚ್ಚಿಕೊಳ್ಳುತ್ತಿದ್ದ. ಅದಕ್ಕೆ ಅಲ್ಲಿನವರು ಕೊಟ್ಟ ವಿವರಣೆ ಹಟ ಮತ್ತು ಮಂಕು. ಮಾತಾಡಲಾಗದವರ ದೈಹಿಕ ನೋವನ್ನು ಅವರ ಅಂಗವೈಕಲ್ಯದ ಲೆಕ್ಕಕ್ಕೆ ಹಾಕಿಬಿಡುವ ಈ ಅಭ್ಯಾಸ ಆರೈಕೆಯ ಕ್ಷೇತ್ರದಲ್ಲಿ ತುಂಬ ಹಳೆಯದು, ತುಂಬ ಅಪಾಯಕಾರಿ. ನಡವಳಿಕೆಯಲ್ಲಿ ಹೊಸದಾಗಿ ಏನೇ ಬದಲಾವಣೆ ಕಂಡರೂ ಮೊದಲು ಹೊಟ್ಟೆಯನ್ನು ಮುಟ್ಟಿ ನೋಡಬೇಕು ಎಂಬುದು ಆರೈಕೆ ಮಾಡುವ ಪ್ರತಿಯೊಬ್ಬರಿಗೂ ತಿಳಿದಿರಬೇಕಾದ ವಿಷಯ.

ಈಗಿನ ಕೇಂದ್ರದಲ್ಲಿ ನನ್ನ ಮೆಚ್ಚುಗೆ ಸೇರಿಸಿಕೊಳ್ಳುವ ದಿನದಿಂದಲೇ ಆರಂಭವಾಯಿತು. ಅಲ್ಲಿನ ಹಿರಿಯ ನರ್ಸ್ ಅವನ ರೋಗದ ಹೆಸರುಗಳನ್ನು ಬರೆದುಕೊಂಡ ಮೇಲೆ, "ಇವರಿಗೆ ಹೊಟ್ಟೆ ಕಟ್ಟಿದಾಗ ನಿಮಗೆ ಹೇಗೆ ಗೊತ್ತಾಗುತ್ತದೆ ಮೇಡಂ? ಮುಖದಲ್ಲಿ, ಕೈಕಾಲಿನಲ್ಲಿ ಏನಾದರೂ ತೋರಿಸುತ್ತಾರೆಯೇ?" ಎಂದು ಕೇಳಿದರು. ಮುಂಗೈ ಕಚ್ಚುವುದು, ಮಂಡಿಯನ್ನು ಎದೆಯತ್ತ ಎಳೆದುಕೊಳ್ಳಲು ಯತ್ನಿಸುವುದು, ಊಟಕ್ಕೆ ಮುಖ ತಿರುಗಿಸುವುದು ಎಂದು ನಾನು ಹೇಳಿದ್ದನ್ನು ಹಾಗೆಯೇ ಅವನ ಆರೈಕೆ ಯೋಜನೆಯಲ್ಲಿ ಬರೆದರು. ಸಾಮಾನ್ಯವಾಗಿ ದಿನದ ಯಾವ ಹೊತ್ತಿಗೆ ಆಗುತ್ತದೆ, ಹಿಂದೆ ಯಾವ ಔಷಧ ಹಿಡಿಸಿತ್ತು, ಯಾವುದರಿಂದ ಹೊಟ್ಟೆ ನುಲಿಯಿತು, ಮೂಲವ್ಯಾಧಿ ಅಥವಾ ಗುದದ್ವಾರದಲ್ಲಿ ಬಿರುಕು ಇದೆಯೇ, ಎಷ್ಟು ನೀರು ಕುಡಿಯುತ್ತಾನೆ ಎಂಬುದನ್ನೆಲ್ಲ ವಿಚಾರಿಸಿದರು. ನಂತರ ಅವನ ಕಡೆಗೇ ತಿರುಗಿ, "ಅಣ್ಣಾ, ನಿಮ್ಮ ಹೊಟ್ಟೆ ಒಮ್ಮೆ ಮುಟ್ಟಿ ನೋಡಲಾ?" ಎಂದು ಕೇಳಿ, ಅವನು ಕಣ್ಣೆತ್ತಿ ನೋಡುವವರೆಗೂ ಕಾದರು. ಉತ್ತರ ಕೊಡಲಾಗದವರ ಉತ್ತರಕ್ಕೂ ಕಾಯುವ ಈ ನಡತೆಯನ್ನು ಯಾವ ಪ್ರಮಾಣಪತ್ರವೂ ತೋರಿಸಲಾರದು.

ಈ ಕೇಂದ್ರದ ಅತ್ಯಂತ ದೊಡ್ಡ ಬಲ ಅದರ ದಾಖಲೆ. ಪ್ರತಿಯೊಬ್ಬರಿಗೂ ಒಂದು ಮಲವಿಸರ್ಜನೆಯ ಹಾಳೆ ಇದೆ. ಅದು ಎಲ್ಲರಿಗೂ ಕಾಣುವ ಗೋಡೆಯ ಮೇಲಿಲ್ಲ, ಅವರವರ ಬಟ್ಟೆಯ ಕಪಾಟಿನ ಬಾಗಿಲಿನ ಒಳಬದಿಯಲ್ಲಿದೆ. ದಿನಾಂಕ, ಹೊತ್ತು, ಪ್ರಮಾಣ, ಮಲದ ರೂಪ, ನೋವು ಅಥವಾ ರಕ್ತ ಕಂಡಿತೇ ಎಂಬುದು, ಬರೆದವರ ಸಹಿ: ಇಷ್ಟೇ ಅಂಕಣಗಳು. ರೂಪವನ್ನು ಗುರುತಿಸಲು ಅವರು ಬ್ರಿಸ್ಟಲ್ ಮಾಪಕವನ್ನು ಬಳಸುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಲೂಯಿಸ್ ಮತ್ತು ಹೀಟನ್ ಎಂಬ ವೈದ್ಯರು 1997ರಲ್ಲಿ ಪ್ರಕಟಿಸಿದ ಈ ಮಾಪಕದಲ್ಲಿ ಏಳು ಬಗೆಗಳಿವೆ. ಬಿಡಿಬಿಡಿಯಾದ ಗಟ್ಟಿ ಉಂಡೆಗಳು ಒಂದನೆಯ ಬಗೆ, ಗಂಟುಗಂಟಾದ ಗಟ್ಟಿ ಮಲ ಎರಡನೆಯದು. ಮೂರು ಮತ್ತು ನಾಲ್ಕು ನಾವು ಬಯಸಬೇಕಾದವು. ಐದರಿಂದ ಮುಂದೆ ಹೋದಂತೆ ಮಲ ಮೆತ್ತಗಾಗುತ್ತ ಏಳರಲ್ಲಿ ಪೂರ್ತಿ ನೀರಾಗುತ್ತದೆ. "ಚೆನ್ನಾಗಿ ಆಯಿತು", "ಸ್ವಲ್ಪ ಆಯಿತು" ಎಂಬ ಮಾತುಗಳು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ ಪಡೆಯುತ್ತವೆ. "ಎರಡನೆಯ ಬಗೆ" ಎಂದರೆ ಹಗಲಿನ ಪಾಳಿಯವರಿಗೂ ರಾತ್ರಿಯ ಪಾಳಿಯವರಿಗೂ ವೈದ್ಯರಿಗೂ ಒಂದೇ ಚಿತ್ರ ಕಣ್ಣಮುಂದೆ ಬರುತ್ತದೆ.

ಆ ಹಾಳೆಯಲ್ಲಿ ನಾನು ವಿಶೇಷವಾಗಿ ಗಮನಿಸಿದ ಒಂದು ಸಂಗತಿ ಇದೆ. ಏನೂ ಆಗದ ದಿನದ ಅಂಕಣವನ್ನು ಖಾಲಿ ಬಿಡುವಂತಿಲ್ಲ. "ಆಗಿಲ್ಲ" ಎಂದು ಬರೆದು ಸಹಿ ಮಾಡಬೇಕು. ಖಾಲಿ ಅಂಕಣ ಎಂದರೆ ಆಗಿಲ್ಲವೋ, ಆಗಿದ್ದರೂ ಬರೆಯಲಿಲ್ಲವೋ ಯಾರಿಗೂ ತಿಳಿಯದು, ಎಷ್ಟೋ ಕೇಂದ್ರಗಳಲ್ಲಿ ವಾರಗಟ್ಟಲೆ ವಿಷಯ ತಪ್ಪಿಹೋಗುವುದು ಇಂಥ ಖಾಲಿ ಅಂಕಣಗಳಲ್ಲೇ. ಎರಡು ದಿನ ಸತತವಾಗಿ "ಆಗಿಲ್ಲ" ಎಂದು ಬಂದರೆ ಪಾಳಿ ಬದಲಾಗುವಾಗ ಅದನ್ನು ಬಾಯಿಬಿಟ್ಟು ಹೇಳಬೇಕು, ಮೂರನೆಯ ದಿನ ನರ್ಸ್ ಹೊಟ್ಟೆ ಪರೀಕ್ಷಿಸಿ ಯೋಜನೆಯಲ್ಲಿ ಬರೆದಿರುವ ಮುಂದಿನ ಹೆಜ್ಜೆ ಇಡಬೇಕು ಎಂಬ ನಿಯಮವಿದೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ, ವಾಂತಿ ಇದ್ದರೆ, ಗಾಳಿಯೂ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಲ ಡಾಂಬರಿನಂತೆ ಕಪ್ಪಾಗಿದ್ದರೆ ದಿನಗಳನ್ನು ಎಣಿಸುತ್ತ ಕೂರದೆ ಆಗಲೇ ವೈದ್ಯರನ್ನು ಕರೆಯಬೇಕೆಂಬುದು ಅದೇ ಹಾಳೆಯ ತಳದಲ್ಲಿ ದಪ್ಪ ಅಕ್ಷರದಲ್ಲಿದೆ.

ಶೌಚಾಲಯದ ವ್ಯವಸ್ಥೆಯನ್ನು ನಾನು ಖುದ್ದಾಗಿ ನೋಡಿದ್ದೇನೆ. ಊಟ ಹೊಟ್ಟೆಗೆ ಇಳಿದೊಡನೆ ದೊಡ್ಡ ಕರುಳು ಚುರುಕಾಗುವುದು ದೇಹದ ಸಹಜ ಗುಣ, ಅದು ಬೆಳಗಿನ ಮೊದಲ ಊಟದ ನಂತರ ಹೆಚ್ಚು ಪ್ರಬಲ. ಆದ್ದರಿಂದ ಬೆಳಗಿನ ತಿಂಡಿಯಾಗಿ ಸುಮಾರು ಅರ್ಧ ಗಂಟೆಯೊಳಗೆ ಅಣ್ಣನನ್ನು ಎತ್ತುವ ಯಂತ್ರದ ಜೋಲಿಯಲ್ಲಿ ಕೂರಿಸಿ ಕಮೋಡಿಗೆ ಒಯ್ಯುತ್ತಾರೆ. ಅವನ ಕಮೋಡಿಗೆ ಎರಡೂ ಬದಿಯಲ್ಲಿ ಹಿಡಿಕೆ, ಬೆನ್ನಿಗೆ ಒರಗು, ಮೆತ್ತನೆಯ ಆಸನ ಇವೆ. ಕಾಲಡಿಗೆ ಒಂದು ಮಣೆ ಇಟ್ಟು ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುವಂತೆ ಮಾಡುತ್ತಾರೆ, ಮುಂದಕ್ಕೆ ಬಾಗಲು ತೊಡೆಯ ಮೇಲೊಂದು ದಿಂಬು ಕೊಡುತ್ತಾರೆ. ಗುದನಾಳವನ್ನು ಸದಾ ಬಾಗಿಸಿ ಹಿಡಿದಿರುವ ಸ್ನಾಯು ಈ ಭಂಗಿಯಲ್ಲಿ ಸಡಿಲಗೊಂಡು ದಾರಿ ನೇರವಾಗುತ್ತದೆ. ಕಾಲು ನೇತಾಡುತ್ತಿದ್ದರೆ ಬೀಳುವ ಭಯಕ್ಕೆ ಇಡೀ ಮೈ ಬಿಗಿಯುತ್ತದೆ, ಬಿಗಿದ ಮೈಯಲ್ಲಿ ಮಲ ಇಳಿಯುವುದಿಲ್ಲ. ಪಾದ ಮಣೆಯ ಮೇಲೆ ಊರಿದ ಕೂಡಲೇ ಅಣ್ಣನ ಭುಜ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಸಿಗೆಯಲ್ಲೇ ಡೈಪರ್ ಹಾಕಿ ಮಲಗಿಸಿ ಅಲ್ಲೇ ಆಗಲಿ ಎಂದು ಬಿಡುವ ಕೇಂದ್ರಗಳು ಹೀಗೆ ಕಮೋಡಿನಲ್ಲಿ ಕೂರಿಸುವುದನ್ನು ಒಂದು ಸೌಕರ್ಯವೆಂದು ನೋಡಬಹುದು. ನನ್ನ ದೃಷ್ಟಿಯಲ್ಲಿ ಇದು ಚಿಕಿತ್ಸೆಯ ಮೊದಲ ಭಾಗ, ಔಷಧ ಬರುವುದು ಇದಾದ ಮೇಲೆ.

ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೂರಿಸುವುದಿಲ್ಲ, ಆಗದಿದ್ದರೆ ಬೈಯುವುದಿಲ್ಲ, ಅವಸರಪಡಿಸುವುದಿಲ್ಲ. ಬಾಗಿಲು ಮುಚ್ಚಿರುತ್ತದೆ, ಆರೈಕೆದಾರರು ಪರದೆಯ ಆಚೆ ನಿಂತಿರುತ್ತಾರೆ. ಜೀವನವಿಡೀ ಇನ್ನೊಬ್ಬರ ಎದುರು ಬಟ್ಟೆ ಬಿಚ್ಚಬೇಕಾಗಿ ಬಂದವರಿಗೂ ನಾಚಿಕೆ, ಮಾನ ಎಂಬುದು ಇದ್ದೇ ಇರುತ್ತದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರಲ್ಲಿ ಘನತೆಯನ್ನು ಮೊದಲ ತತ್ತ್ವಗಳ ಸಾಲಿನಲ್ಲಿಟ್ಟಿತು. ಆ ಮಾತು ಕಾಗದದಿಂದ ಇಳಿದು ಬರಬೇಕಾದ ಸ್ಥಳಗಳಲ್ಲಿ ಈ ಪುಟ್ಟ ಕೋಣೆಯೂ ಒಂದು.

ಆಹಾರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನಾರಿನಂಶವನ್ನು ನಿಧಾನವಾಗಿ ಹೆಚ್ಚಿಸುತ್ತಾರೆ, ಅದರ ಜೊತೆಗೆ ದ್ರವದ ಪ್ರಮಾಣವನ್ನೂ ಹೆಚ್ಚಿಸುತ್ತಾರೆ. ನೀರಿಲ್ಲದೆ ಬರೀ ನಾರು ತುಂಬಿದರೆ ನಿಧಾನಗತಿಯ ಕರುಳಿನಲ್ಲಿ ಅದೇ ಒಂದು ಅಡ್ಡಿಯಾಗುತ್ತದೆ ಎಂಬ ತಿಳಿವಳಿಕೆ ಅಡುಗೆಮನೆಯವರಿಗೂ ಇದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ದ್ರವಕ್ಕೆ ಮಿತಿ ಇರುವವರ ಪಟ್ಟಿಯನ್ನು ಪ್ರತ್ಯೇಕವಾಗಿ ಇಟ್ಟಿದ್ದಾರೆ.

ಔಷಧಗಳ ನಿರ್ವಹಣೆಯಲ್ಲಿ ಒಳ್ಳೆಯದೂ ಇದೆ, ಕೊರತೆಯೂ ಇದೆ. ಒಳ್ಳೆಯದು ಏನೆಂದರೆ, ವಿರೇಚಕ (ಮಲ ಹೊರಹೋಗಲು ಕೊಡುವ ಔಷಧ) ಬರೆಯುವ ಮುನ್ನ ಅಲ್ಲಿಗೆ ಬರುವ ವೈದ್ಯರು ಅಣ್ಣ ಅದಾಗಲೇ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ಒಂದೊಂದಾಗಿ ನೋಡಿದರು. ಜೊಲ್ಲು ಸುರಿಯುವುದನ್ನು ಕಡಿಮೆ ಮಾಡಲು ವರ್ಷಗಳಿಂದ ಕೊಡುತ್ತಿದ್ದ ಟ್ರೈಹೆಕ್ಸಿಫೆನಿಡಿಲ್ ಬಾಯಿಯನ್ನು ಒಣಗಿಸುವಂತೆಯೇ ಕರುಳಿನ ಚಲನೆಯನ್ನೂ ಕುಗ್ಗಿಸುತ್ತದೆ. ಕಬ್ಬಿಣದ ಮಾತ್ರೆ, ಸ್ನಾಯುಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಕೂಡ ಮಲಬದ್ಧತೆ ತರಬಲ್ಲವು. ಮೊದಲನೆಯದರ ಪ್ರಮಾಣವನ್ನು ಅವರು ಹಂತಹಂತವಾಗಿ ತಗ್ಗಿಸಿದರು, ಕಬ್ಬಿಣ ಇನ್ನೂ ಬೇಕೇ ಎಂದು ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡನ್ನೂ ಅದೇ ರಕ್ತದಲ್ಲಿ ನೋಡಿದರು. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕುಂದುವುದು ಹೆಚ್ಚು, ಅದರಿಂದಲೂ ಹೊಟ್ಟೆ ಕಟ್ಟುತ್ತದೆ. ಅಂಥವರ ಕುಟುಂಬದವರು ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಪಡೆಯುವವರಂತೂ ವಿಶೇಷ ಎಚ್ಚರದಲ್ಲಿರಬೇಕು: ಅದರಿಂದಾಗುವ ಮಲಬದ್ಧತೆ ಉಲ್ಬಣಿಸಿ ಪ್ರಾಣಕ್ಕೇ ಕುತ್ತಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ತನ್ನ ಎಚ್ಚರಿಕೆಯನ್ನು ಇನ್ನಷ್ಟು ಬಿಗಿಗೊಳಿಸಿತು.

ಕೊರತೆ ಕಂಡದ್ದು ಮ್ಯಾಕ್ರೋಗಾಲ್ ಪುಡಿಯ ವಿಷಯದಲ್ಲಿ. ನೀರಿನಲ್ಲಿ ಕಲಸಿ ಕುಡಿಸುವ ಈ ಪುಡಿ ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆದುವಾಗಿಸುತ್ತದೆ. ದೀರ್ಘಕಾಲ ಕೊಡಲೂ ಸೂಕ್ತವಾದ ಒಳ್ಳೆಯ ಔಷಧ. ಆದರೆ ನುಂಗಲು ಕಷ್ಟವಾಗುವ ಅಣ್ಣನಿಗೆ ಕುಡಿಯುವ ಎಲ್ಲವನ್ನೂ ಗಟ್ಟಿಗೊಳಿಸುವ ಪುಡಿ ಬೆರೆಸಿಯೇ ಕೊಡಬೇಕು. ಪಿಷ್ಟದಿಂದ ಮಾಡಿದ ಗಟ್ಟಿಕಾರಕದೊಂದಿಗೆ ಮ್ಯಾಕ್ರೋಗಾಲ್ ಸೇರಿದರೆ ಆ ಮಿಶ್ರಣ ಮತ್ತೆ ನೀರಾಗಿಬಿಡುತ್ತದೆ, ಗಟ್ಟಿಯಾಗಿದೆ ಎಂಬ ನಂಬಿಕೆಯಲ್ಲಿ ಕುಡಿಸಿದ್ದು ಶ್ವಾಸನಾಳಕ್ಕೆ ಹೋಗಬಹುದು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿಯೇ ಈ ಬಗ್ಗೆ ಎಚ್ಚರಿಸಿದೆ. ಕೇಂದ್ರದ ಸಿಬ್ಬಂದಿಗೆ ಇದು ತಿಳಿದಿರಲಿಲ್ಲ. ಲೋಟದಲ್ಲಿ ಚಮಚ ಆಡಿಸಿದಾಗ ದ್ರವ ಮೊದಲಿನಷ್ಟು ದಪ್ಪವಾಗಿಲ್ಲದ್ದನ್ನು ನಾನು ತೋರಿಸಿದ ಮೇಲೆ, ನುಂಗುವಿಕೆಯ ತಜ್ಞರನ್ನು ಕರೆಸಿ ಜಾಂಥನ್ ಗಮ್ ಆಧರಿಸಿದ ಗಟ್ಟಿಕಾರಕಕ್ಕೆ ಬದಲಾಯಿಸಿದರು, ಅವರ ಸಲಹೆಯಂತೆ ಕುಡಿಸುವ ಮುನ್ನ ದಪ್ಪವನ್ನು ಪರೀಕ್ಷಿಸುವ ಕ್ರಮವನ್ನೂ ತಂದರು. ಹೇಳಿದ್ದನ್ನು ಕೇಳಿಸಿಕೊಂಡರು ಎಂಬುದು ಸಮಾಧಾನದ ವಿಷಯ. ಆದರೆ ನುಂಗುವ ತೊಂದರೆ ಇರುವ ಹಲವರನ್ನು ನೋಡಿಕೊಳ್ಳುವ ಜಾಗದಲ್ಲಿ ಇದನ್ನು ಕುಟುಂಬದವರು ಹೇಳಿಕೊಡಬೇಕಾಗಿ ಬರಬಾರದಿತ್ತು.

ಉಳಿದ ಔಷಧಗಳ ಬಗ್ಗೆ ಅವರ ತಿಳಿವಳಿಕೆ ಚೆನ್ನಾಗಿದೆ. ಸೆನ್ನಾ ಎಂಬ ವಿರೇಚಕ ಕೆಲಸ ಮಾಡಲು ಸುಮಾರು 8ರಿಂದ 12 ಗಂಟೆ ಬೇಕಾಗುವುದರಿಂದ ಅದನ್ನು ರಾತ್ರಿ ಕೊಟ್ಟು ಬೆಳಗಿನ ಕಮೋಡಿನ ಹೊತ್ತಿಗೆ ಹೊಂದಿಸುತ್ತಾರೆ. ಬಿಸಾಕೋಡಿಲ್ ಸಪೋಸಿಟರಿಯನ್ನು (ಗುದದ್ವಾರದ ಮೂಲಕ ಇಡುವ ಔಷಧ) ಗುದನಾಳದ ಗೋಡೆಗೆ ತಾಗುವಂತೆ ಇಡಬೇಕು, ಮಲದ ಒಳಗೆ ತೂರಿಸಿದರೆ ಪ್ರಯೋಜನವಿಲ್ಲ ಎಂಬುದನ್ನು ಹೊಸ ಸಿಬ್ಬಂದಿಗೆ ಕಲಿಸುವುದನ್ನು ಕೇಳಿದ್ದೇನೆ. ನುಂಗಲು ಕಷ್ಟವಿರುವವರಿಗೆ ದ್ರವ ಪ್ಯಾರಾಫಿನ್ ಕೊಡುವುದೇ ಇಲ್ಲ, ಏಕೆಂದರೆ ಆ ಎಣ್ಣೆ ಶ್ವಾಸಕೋಶ ಸೇರಿದರೆ ಒಂದು ಬಗೆಯ ನ್ಯುಮೋನಿಯಾ ಉಂಟಾಗುತ್ತದೆ. ಗುದದ್ವಾರದ ಮೂಲಕ ಒಳಬಿಡುವ ದ್ರವವಾದ ಫಾಸ್ಫೇಟ್ ಎನಿಮಾವನ್ನು ವೈದ್ಯರ ಲಿಖಿತ ಸೂಚನೆಯಿಲ್ಲದೆ ಮುಟ್ಟುವುದಿಲ್ಲ. ವಯಸ್ಸಾದವರಲ್ಲಿ, ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಅದು ರಕ್ತದ ಲವಣಾಂಶಗಳನ್ನು ಅಪಾಯದ ಮಟ್ಟಕ್ಕೆ ಏರುಪೇರು ಮಾಡಬಲ್ಲದು.

ಭೇದಿಯಾದಾಗ ಅವರ ಕ್ರಮವೇ ಬೇರೆ. ಮೊದಲು ಹಿಂದಿನ ಒಂದು ವಾರದ ಹಾಳೆ ನೋಡುತ್ತಾರೆ, ಇದು ಗಡ್ಡೆಯ ಪಕ್ಕದಿಂದ ಸೋರುತ್ತಿರುವುದೋ ಎಂದು ನರ್ಸ್ ಪರೀಕ್ಷಿಸುತ್ತಾರೆ, ವಿರೇಚಕ ಹೆಚ್ಚಾಯಿತೇ ಎಂದು ಯೋಚಿಸುತ್ತಾರೆ, ಇತ್ತೀಚೆಗೆ ಆಂಟಿಬಯಾಟಿಕ್ ತೆಗೆದುಕೊಂಡವರಾದರೆ ಮಲವನ್ನು ಪರೀಕ್ಷೆಗೆ ಕಳುಹಿಸುತ್ತಾರೆ. ಆಂಟಿಬಯಾಟಿಕ್ ನಂತರ ಹರಡುವ ಕ್ಲಾಸ್ಟ್ರಿಡಿಯೋಯಿಡಿಸ್ ಡಿಫಿಸಿಲ್ ಎಂಬ ರೋಗಾಣುವಿನ ಬೀಜಕಗಳು ಮದ್ಯಸಾರದ ಸ್ಯಾನಿಟೈಸರಿಗೆ ಸಾಯುವುದಿಲ್ಲ. ಆದ್ದರಿಂದ ಆ ಕೊಠಡಿಗಳಲ್ಲಿ ಸೋಪು ಮತ್ತು ನೀರಿನಿಂದ ಕೈ ತೊಳೆಯುವುದು ಕಡ್ಡಾಯ. ಚರ್ಮದ ಕಾಳಜಿಯೂ ಮೆಚ್ಚುವಂಥದ್ದು: ಒರೆಸುವಾಗ ಉಜ್ಜದೆ ಒತ್ತಿ ತೆಗೆಯುತ್ತಾರೆ, ಮೃದುವಾದ ಶುದ್ಧಿಕಾರಕ ಬಳಸುತ್ತಾರೆ, ಒಣಗಿದ ಮೇಲೆ ರಕ್ಷಕ ಮುಲಾಮನ್ನು ತೆಳುವಾಗಿ ಹಚ್ಚುತ್ತಾರೆ.

ಇನ್ನು ನೇರವಾದ ದೂರುಗಳು. ರಜಾದಿನಗಳಲ್ಲಿ ತಾತ್ಕಾಲಿಕ ಸಿಬ್ಬಂದಿ ಬಂದಾಗ ಹಾಳೆಯ ಶಿಸ್ತು ಸಡಿಲವಾಗುತ್ತದೆ. ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ, ಮೂರು ಪಾಳಿಗಳ ದಾಖಲೆಯನ್ನು ಒಮ್ಮೆಗೇ ಬರೆದಿದ್ದ ಪುಟವನ್ನು ನಾನು ನೋಡಿದ್ದೇನೆ. ಹೀಗೆ ತುಂಬಿಸಿದ ದಾಖಲೆ ಖಾಲಿ ಪುಟಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಓದುವವರು ಅದನ್ನು ನಂಬಿಬಿಡುತ್ತಾರೆ. ಎರಡನೆಯದು, ಸಪೋಸಿಟರಿ ಬೇಕಾದ ದಿನಗಳಲ್ಲಿ ರಾತ್ರಿಯ ಪಾಳಿಯವರು ಮನೆಗೆ ಹೊರಡುವ ಮೊದಲೇ ಮುಗಿಸಲೆಂದು ನಸುಕಿನಲ್ಲಿ ಅಣ್ಣನನ್ನು ಎಬ್ಬಿಸುತ್ತಿದ್ದರು. ಅವನ ಕರುಳು ತಿಂಡಿಯ ನಂತರ ಚುರುಕಾಗುತ್ತದೆ ಎಂದು ಅವರ ಯೋಜನೆಯಲ್ಲೇ ಬರೆದಿರುವಾಗ ಇದಕ್ಕೆ ಸಮರ್ಥನೆ ಇಲ್ಲ. ಲಿಖಿತವಾಗಿ ಕೇಳಿದ ನಂತರ ನಿಲ್ಲಿಸಿದ್ದಾರೆ. ಮೂರನೆಯದು ಇನ್ನೂ ಸರಿಹೋಗಿಲ್ಲ. ಆಸ್ಪತ್ರೆಗೆ ಸೇರಿಸಬೇಕಾದಾಗ ಔಷಧಗಳ ಪಟ್ಟಿ ಜೊತೆಗೆ ಹೋಗುತ್ತದೆ, ಮಲವಿಸರ್ಜನೆಯ ಹಾಳೆ ಹೋಗುವುದಿಲ್ಲ. ಮಾತು ಬಾರದವನನ್ನು ಹೊಸ ವಾರ್ಡಿನಲ್ಲಿ ಮಲಗಿಸಿದಾಗ ಅವನ ಪರವಾಗಿ ಮಾತಾಡಬಲ್ಲದ್ದು ಆ ಹಾಳೆಯೇ. ಕೊನೆಯ ಎರಡು ವಾರಗಳ ಪ್ರತಿಯನ್ನು, ನೋವಾದಾಗ ಅವನು ಏನು ಮಾಡುತ್ತಾನೆ ಎಂಬ ವಿವರದೊಂದಿಗೆ ಕಳುಹಿಸಬೇಕೆಂದು ನಾನು ಕೇಳುತ್ತಲೇ ಇದ್ದೇನೆ.

ಒಟ್ಟಾರೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಡೌನ್ ಸಿಂಡ್ರೋಮ್ ಇರುವ ಹಿರಿಯರಿಗೆ ಈ ಕೇಂದ್ರವನ್ನು ಧೈರ್ಯವಾಗಿ ಸೂಚಿಸಬಲ್ಲೆ. ಬೆನ್ನುಹುರಿಗೆ ಪೆಟ್ಟಾದವರ ವಿಷಯದಲ್ಲಿ ಮಾತ್ರ ಸೇರುವ ಮೊದಲು ಒಂದು ಸಂಗತಿಯನ್ನು ಖಚಿತಪಡಿಸಿಕೊಳ್ಳಬೇಕು. ಅವರಲ್ಲಿ ಹಲವರಿಗೆ ಕೈಗವಸು ಹಾಕಿದ ಬೆರಳಿನಿಂದ ಮಲ ತೆಗೆಯುವುದು ದಿನನಿತ್ಯದ ಆರೈಕೆಯ ಭಾಗ, ಅದಕ್ಕೆ ತರಬೇತಿ ಬೇಕು. ಪೆಟ್ಟು ಎದೆಯ ಆರನೆಯ ಬೆನ್ನುಹುರಿ ಭಾಗದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ, ತುಂಬಿದ ಗುದನಾಳವೇ ರಕ್ತದೊತ್ತಡವನ್ನು ಹಠಾತ್ತನೆ ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ತಲೆ ಸಿಡಿಯುವಂಥ ನೋವು, ಮುಖ ಕೆಂಪೇರಿ ಬೆವರುವುದು ಅದರ ಲಕ್ಷಣ, ಕೂಡಲೇ ನೆಟ್ಟಗೆ ಕೂರಿಸಿ ಕಾರಣವನ್ನು ನಿವಾರಿಸದಿದ್ದರೆ ಮೆದುಳಿಗೆ ಪೆಟ್ಟಾಗಬಹುದು. ಈ ತರಬೇತಿ ಪಡೆದ ಇಬ್ಬರು ನರ್ಸುಗಳು ಈಗ ಹಗಲಿನಲ್ಲಿದ್ದಾರೆ, ರಾತ್ರಿ ಪಾಳಿಯಲ್ಲಿ ಯಾರೂ ಇಲ್ಲ. ರಾತ್ರಿಯೂ ಒಬ್ಬರು ಇರುತ್ತಾರೆ ಎಂದು ಬರೆದುಕೊಡುವವರೆಗೆ ಅಂಥ ಕುಟುಂಬಗಳು ಇಲ್ಲಿ ಸಹಿ ಹಾಕಬಾರದು.